ನೆಲಹಾಸಿನ ಲೆಕ್ಕವೂ ವಲ್ಲಿಕಾ ಕುಟ್ಟೀಕಾರವೂ

ಬಸದಿಯ ಮಂಟಪಕ್ಕೆ ನೆಲಹಾಸು ಹಾಕಿಸುವಾಗ ದಾನಿಗಳ ದ್ರವ್ಯದಲ್ಲಿ ಒಂದಂಶ ಕತ್ತರಿಸಿ ಎಸೆದ ಕಲ್ಲಿನ ಚೂರುಗಳಲ್ಲಿ ಕಳೆದುಹೋಗುವುದುಂಟು. ಅಳತೆ ನೋಡದೆ ಕಲ್ಲು ಕೊಳ್ಳುವುದೇ ಇದಕ್ಕೆ ಕಾರಣ.

ಮಂಟಪದ ಉದ್ದ 29 ಅಡಿ 9 ಅಂಗುಲ, ಅಗಲ 19 ಅಡಿ 3 ಅಂಗುಲ ಎಂದಿಟ್ಟುಕೊಳ್ಳೋಣ. ಅಂದರೆ 357 ಮತ್ತು 231 ಅಂಗುಲ. ಎರಡಡಿಯ ಚೌಕದ ಕಲ್ಲು ತಂದರೆ 126 ಇಡಿಯಾಗಿ ಕೂಡುತ್ತವೆ, ಉಳಿದ 24 ಎಡೆಗಳಿಗೆ ಕಲ್ಲನ್ನು ಕತ್ತರಿಸಲೇಬೇಕು. ಈಗ ಅಳತೆಗಳನ್ನು ಪರಸ್ಪರ ಭಾಗಿಸಿ ನೋಡಬೇಕು. 357ರಲ್ಲಿ 231 ಹೋದರೆ ಶೇಷ 126. 231ರಲ್ಲಿ 126 ಹೋದರೆ 105. 126ರಲ್ಲಿ 105 ಹೋದರೆ 21. 105ನ್ನು 21 ನಿಶ್ಶೇಷವಾಗಿ ಐದು ಬಾರಿ ಭಾಗಿಸುತ್ತದೆ. ಈ 21 ಮಹತ್ತಮ ಸಾಮಾನ್ಯ ಅಪವರ್ತನ. 21 ಅಂಗುಲದ ಚೌಕಗಳು ಉದ್ದಕ್ಕೆ 17, ಅಗಲಕ್ಕೆ 11. ಒಟ್ಟು 187 ಕಲ್ಲು, ಒಂದೂ ಕತ್ತರಿಸುವಂತಿಲ್ಲ. 7 ಅಥವಾ 3 ಅಂಗುಲದ ಚೌಕಗಳೂ ಹೊಂದುತ್ತವೆ. 21ಕ್ಕಿಂತ ದೊಡ್ಡದು ಹೊಂದದು.

ಈ ಪರಸ್ಪರ ಭಾಗಾಹಾರವನ್ನು ಗ್ರೀಕ್ ಗಣಿತಜ್ಞ ಯೂಕ್ಲಿಡನು ಕ್ರಿ.ಪೂ. 300ರ ಸುಮಾರಿಗೆ ತನ್ನ ಗ್ರಂಥದ ಏಳನೆಯ ಭಾಗದಲ್ಲಿ ನಿರೂಪಿಸಿದನು. ಭಾರತದಲ್ಲಿ ಕ್ರಿ.ಶ. 499ರ ಆರ್ಯಭಟೀಯದ ಕುಟ್ಟಕಕ್ಕೆ ಇದೇ ಆಧಾರ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಇದನ್ನು ವಲ್ಲಿಕಾ ಕುಟ್ಟೀಕಾರವೆಂದು ಕರೆದರು. ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬಳ್ಳಿಯಂತೆ ಬರೆಯುವುದರಿಂದ ಆ ಹೆಸರು. ಮೇಲಿನ ಲೆಕ್ಕದ ಬಳ್ಳಿ 1, 1, 1, 5. ಆದರೆ ಅವರ ಉದ್ದೇಶ ನೆಲಹಾಸಾಗಿರಲಿಲ್ಲ. ಹಾಗೆಂದು ಹೊಗಳುವುದು ಆಚಾರ್ಯರಿಗೆ ಗೌರವವೂ ಅಲ್ಲ. ಸಮನಾದ 63 ಬಾಳೆಹಣ್ಣಿನ ರಾಶಿಗಳಿಗೆ ಇನ್ನೂ 7 ಹಣ್ಣು ಸೇರಿಸಿ 23 ಪಥಿಕರಿಗೆ ಸಮವಾಗಿ ಹಂಚುವಂತಹ ಪ್ರಶ್ನೆಗಳಿಗೆ ಪೂರ್ಣಾಂಕದ ಉತ್ತರ ಹುಡುಕುವುದು ಅವರ ಗುರಿ. ರಾಶಿಗೆ ಐದು ಹಣ್ಣಿದ್ದರೆ ತಲೆಗೆ ಹದಿನಾಲ್ಕು.

ಭಿನ್ನರಾಶಿಗಳನ್ನು ಕೂಡಿಸಲು ಅವರು ಹೇಳಿದ 'ನಿರುದ್ಧ'ವು ಇಂದಿನ ಲಘುತಮ ಸಾಮಾನ್ಯ ಅಪವರ್ತ್ಯ. ಅದೂ ಕಲ್ಲುಹಾಸಿಗೆ ಒದಗುತ್ತದೆ. 21 ಅಂಗುಲ ಉದ್ದ, 15 ಅಂಗುಲ ಅಗಲದ ಚಪ್ಪಡಿಗಳನ್ನು ಒಂದೇ ದಿಕ್ಕಿಗೆ ಹಾಸಿ ಪೂರ್ಣ ಚೌಕ ಮಾಡಬೇಕಾದರೆ ಬಾಹು ಕನಿಷ್ಠ 105 ಅಂಗುಲವಿರಬೇಕು. 35 ಚಪ್ಪಡಿ ಸಾಕು.

ಎಲ್ಲ ಮಂಟಪಗಳೂ ಇಷ್ಟು ಅನುಕೂಲವಾಗಿರುವುದಿಲ್ಲ. ಅಗಲ 233 ಅಂಗುಲವಿದ್ದರೆ ಸಾಮಾನ್ಯ ಅಪವರ್ತನ ಒಂದೇ ಅಂಗುಲ. ಆಗ ಅಗಲದ ಎರಡೂ ಕೊನೆಗಳಲ್ಲಿ ಒಂದೊಂದು ಅಂಗುಲದ ಅಂಚುಪಟ್ಟಿ ಬಿಟ್ಟರೆ ಮತ್ತೆ 231 ದೊರೆಯುತ್ತದೆ. ಗಾರೆಯ ಸಂದುಗಳ ಲೆಕ್ಕ ಬೇರೆ. ಅದನ್ನು ಕಲ್ಲು ತರಿಸುವ ಮೊದಲೇ ಮೇಸ್ತ್ರಿಯೊಡನೆ ಕುಳಿತು ಮಾಡಬೇಕು.