ಹೊಸ ಜನ್ಮವೂ ನಿತ್ಯಸಾಧನೆಯೂ: ಬಾಗಲಕೋಟೆ ಸೀಮೆಯ ಕ್ರೈಸ್ತ ಅಂತರಂಗಜೀವನದ ಒಂದು ವಿವೇಚನೆ

ಬಾಸೆಲ್ ಮಿಶನ್ನಿನವರು 1851ರಲ್ಲಿ, ಅಂದು ಬಾದಾಮಿ ತಾಲ್ಲೂಕಿಗೆ ಸೇರಿದ್ದ ಗುಳೇದಗುಡ್ಡದಲ್ಲಿ ತಮ್ಮ ಠಾಣ್ಯವನ್ನು ಸ್ಥಾಪಿಸಿದುದು ಉತ್ತರ ಕರ್ನಾಟಕದ ಕ್ರೈಸ್ತ ಸಭೆಗಳ ಚರಿತ್ರೆಯಲ್ಲಿ ಸುಪರಿಚಿತವಾದ ಸಂಗತಿ. ಆದರೆ ಆ ಚರಿತ್ರೆಯನ್ನು ಬರೆದವರು ಶಾಲೆ, ಮುದ್ರಣಾಲಯ, ಆಸ್ಪತ್ರೆ, ದೀಕ್ಷಾಸ್ನಾನ ಹೊಂದಿದವರ ಗಣನೆ ಇವುಗಳಿಗೆ ಕೊಟ್ಟಷ್ಟು ಗಮನವನ್ನು, ಖಣ ನೇಯುವವರ ಆ ಊರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಕ್ರಿಸ್ತನನ್ನು ನಂಬಿ ಬಾಳಿದ ಮನುಷ್ಯನ ಅಂತರಂಗವು ಹೇಗೆ ಮಾರ್ಪಟ್ಟಿತೆಂಬ ಪ್ರಶ್ನೆಗೆ ಕೊಟ್ಟಿಲ್ಲ. ಹೊಸ ಜನ್ಮವನ್ನು ಸಾರುತ್ತ ಬಂದ ಬೋಧನೆಯು, ಸ್ಥಲದಿಂದ ಸ್ಥಲಕ್ಕೇರುವ ಸಾಧನೆಯನ್ನು ಶತಮಾನಗಳಿಂದ ಅರಿತಿದ್ದ ಜನರ ನಡುವೆ ನೆಲೆಗೊಂಡಾಗ, ತನ್ನೊಳಗೇ ಇದ್ದ ಕ್ರಮವಿಕಾಸದ ತತ್ತ್ವವನ್ನು ಹೆಚ್ಚು ಸ್ಪಷ್ಟವಾಗಿ ಕಂಡುಕೊಂಡಿತೆಂಬುದು ಈ ಲೇಖನದ ಪ್ರತಿಪಾದನೆ.

ಆ ಬೋಧಕರಲ್ಲಿ ಬಹುಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. 1675ರಲ್ಲಿ ಲೂಥರನ್ ಬೋಧಕನಾದ ಸ್ಪೇನರನು ಪ್ರಕಟಿಸಿದ ಗ್ರಂಥದಿಂದ ಚೈತನ್ಯವನ್ನು ಪಡೆದ ಭಕ್ತಿಪಂಥದಲ್ಲಿ ಬೆಳೆದವರು. ಕಂಠಪಾಠ ಮಾಡಿದ ಧರ್ಮಸೂತ್ರಕ್ಕಿಂತ ಹೃದಯದ ಪಶ್ಚಾತ್ತಾಪವೇ ಮಿಗಿಲೆಂದೂ, ರಾತ್ರಿಯ ವೇಳೆ ಬಂದ ನಿಕೊದೇಮನಿಗೆ ಯೇಸು ತಿಳಿಸಿದ ಹೊಸ ಜನ್ಮವು ಪ್ರತಿಯೊಬ್ಬ ವಿಶ್ವಾಸಿಯ ಸ್ವಾನುಭವವಾಗಬೇಕೆಂದೂ ಅವರು ನಂಬಿದ್ದರು. ಅಷ್ಟೇ ಶ್ರದ್ಧೆಯನ್ನು ಅವರು ದಿನಚರಿಯ ಕಟ್ಟುಪಾಡಿನಲ್ಲಿಯೂ ಇರಿಸಿದ್ದರು. ಮನೆಮಂದಿಯೆಲ್ಲ ಕೂಡಿ ಮಾಡುವ ಪ್ರಾರ್ಥನೆ, ರವಿವಾರದ ವಿಶ್ರಾಂತಿ, ಮದ್ಯವರ್ಜನ, ಕರ್ತನ ಭೋಜನಕ್ಕೆ ಮುಂಚಿನ ಆತ್ಮಪರೀಕ್ಷೆ, ಎಡವಿದವನನ್ನು ಕೆಲಕಾಲ ಆ ಪಂಕ್ತಿಯಿಂದ ದೂರವಿರಿಸಿ ಮರಳಿ ಕರೆದುಕೊಳ್ಳುವ ಸಭಾಶಿಸ್ತು ಇವೆಲ್ಲವೂ, ಒಮ್ಮೆ ತಿರುಗಿದ ಮನಸ್ಸು ದಿನದಿನವೂ ತಿರುಗುತ್ತಲೇ ಇರಬೇಕೆಂಬ ಅರಿವಿನಿಂದ ಹುಟ್ಟಿದವುಗಳು.

1876ರಿಂದ 1878ರವರೆಗಿನ ಮಹಾಕ್ಷಾಮವು ಈ ಬೋಧನೆಗೆ ನಿಕಷವಾಯಿತು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು. ಆ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿ ಅತಿಘೋರವಾಗಿ ನೊಂದವುಗಳಲ್ಲೊಂದು. ಹಸಿವಿನ ಕಾಲದಲ್ಲಿ ಸಭೆಯ ಬಾಗಿಲಿಗೆ ಬಂದವರ ವಿಶ್ವಾಸವು ನಿಜವಾದುದೇ ಎಂಬ ಆಕ್ಷೇಪವನ್ನು ಇಂದಿಗೂ ಎತ್ತುವವರುಂಟು. ಆಕ್ಷೇಪವು ಕ್ಷುಲ್ಲಕವಲ್ಲವಾದರೂ, ಮೊದಲ ದಿನದ ಉದ್ದೇಶವನ್ನೇ ಇಡೀ ಜೀವಿತದ ಅಳತೆಗೋಲಾಗಿ ಮಾಡುವುದು ನನಗೆ ನ್ಯಾಯವಾಗಿ ತೋರುವುದಿಲ್ಲ. ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಸಾಮ್ಯದಲ್ಲಿ, ಬಿತ್ತಿದವನ ಅರಿವಿಗೆ ಬಾರದಂತೆಯೇ ಬೆಳೆಯು ಬೆಳೆಯುವುದು. ಹುನಗುಂದದ ಎರೆಹೊಲವನ್ನು ಬಲ್ಲವನಿಗೆ ಈ ಸಾಮ್ಯಕ್ಕೆ ಭಾಷ್ಯ ಬೇಕಿಲ್ಲ: ಹಿಂಗಾರಿ ಬಿಳಿಜೋಳವು ಬಿತ್ತನೆಯಾದ ಮೇಲೆ ಮಳೆಯನ್ನು ಹೆಚ್ಚಾಗಿ ಕಾಣದೆ, ಕರಿಮಣ್ಣು ಮೊದಲೇ ಹೀರಿಟ್ಟುಕೊಂಡ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನೆಮ್ಮಿಕೊಂಡು, ತಿಂಗಳುಗಳ ತರುವಾಯ ತೆನೆಗಟ್ಟುವುದು. ಕೃಪೆಯ ಕಾರ್ಯವೂ ಹೀಗೆಯೇ ನಿಶ್ಶಬ್ದವಾದುದು, ನಿಧಾನವಾದುದು. ಅದನ್ನು ಫಲದಿಂದ ಅರಿಯಬೇಕಲ್ಲದೆ ಬಿತ್ತಿದ ಗಳಿಗೆಯಿಂದಲ್ಲ.

ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮವು ಇದೇ ಹುನಗುಂದ ತಾಲ್ಲೂಕಿನಲ್ಲಿರುವುದು ಆಕಸ್ಮಿಕವಾದರೂ ಅರ್ಥಪೂರ್ಣವಾದುದು. ಆ ಕ್ಷೇತ್ರವನ್ನು ಪವಿತ್ರವೆಂದು ಬಗೆವ ವೀರಶೈವ ಶರಣರು ಬೋಧಿಸಿದ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ಕಲ್ಪನೆಯು ಈ ನಾಡಿನ ಸಾಮಾನ್ಯರ ಧರ್ಮಪ್ರಜ್ಞೆಯಲ್ಲಿ ಬೆರೆತುಹೋಗಿದ್ದಿತು. ಕ್ರೈಸ್ತ ಪರಂಪರೆಗೆ ಇಂಥ ಸೋಪಾನಕ್ರಮವು ಪರಕೀಯವಾದುದಲ್ಲ: ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗೊರಿಯು ಪರಿಪೂರ್ಣತೆಯೆಂದರೆ ಮುಗಿಯದ ಮುನ್ನಡೆಯೆಂದು ಬಗೆದನು, ಸ್ಪೇನಿನ ಸಂತ ತೆರೇಸಳು 1577ರಲ್ಲಿ ಆತ್ಮವನ್ನು ಏಳು ನೆಲೆಗಳ ಕೋಟೆಯಾಗಿ ವರ್ಣಿಸಿದಳು. ಆದರೂ ಈ ಸಾದೃಶ್ಯವನ್ನು ಐಕಮತ್ಯವೆಂದು ಎಣಿಸಲಾಗದು. ಐಕ್ಯಸ್ಥಲದಲ್ಲಿ ಅಂಗ ಲಿಂಗಗಳ ಭೇದವು ಅಳಿಯುವುದು. ಪೌಲನ ಬೋಧನೆಯಲ್ಲಾದರೋ ವಿಶ್ವಾಸಿಯು ಕ್ರಿಸ್ತನ ಸಾರೂಪ್ಯಕ್ಕೆ ಮಾರ್ಪಡುತ್ತ ಹೋದರೂ ಸೃಷ್ಟಿಯಾಗಿಯೇ, ಕ್ಷಮೆಯ ಋಣಿಯಾಗಿಯೇ ಉಳಿಯುವನು. ಈ ಭೇದವನ್ನು ಮರೆಮಾಚುವ ಸಮನ್ವಯವು ಎರಡು ಮಾರ್ಗಗಳಿಗೂ ಅಪಚಾರ ಮಾಡಿದಂತೆ.

ಭೇದವನ್ನೂ ಸಾಮೀಪ್ಯವನ್ನೂ ಏಕಕಾಲದಲ್ಲಿ ಎದೆಯಲ್ಲಿ ಹೊತ್ತವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ ಕಿಟ್ಟೆಲರ ‘ಕಥಾಮಾಲೆ’ಯು (1862) ವಿದೇಶೀಯನೊಬ್ಬನು ಕನ್ನಡದತ್ತ ಚಾಚಿದ ಕೈಯಾಗಿದ್ದರೆ, 1881ರಲ್ಲಿ ಧಾರವಾಡದಲ್ಲಿ ಜನಿಸಿ ಮಂಗಳೂರಿನ ದೈವಜ್ಞಾನಶಾಲೆಯಲ್ಲಿ ಓದಿ ಬಾಸೆಲ್ ಮಿಶನ್ನಿನ ಬೋಧಕರಾದ ಚನ್ನಪ್ಪನವರಿಗೆ ಕನ್ನಡದ ಅನುಭಾವವು ಮನೆಯ ಸೊತ್ತೇ ಆಗಿದ್ದಿತು. ಊರೂರು ಅಲೆದು, ಓಲೆಗರಿಗಳಿಂದಲೂ ಜನರ ಬಾಯಿಂದಲೂ ಸಂಗ್ರಹಿಸಿ ಅವರು 1924ರಲ್ಲಿ ಪ್ರಕಟಿಸಿದ ಸರ್ವಜ್ಞನ ವಚನಗಳ ಸಂಪುಟವು ಪಾಂಡಿತ್ಯಕೃತಿಯೆಂದೇ ಪ್ರಸಿದ್ಧವಾಗಿದೆ; ನನ್ನ ಮತದಲ್ಲಿ ಅದು ಆಧ್ಯಾತ್ಮಿಕ ಕೃತಿಯೂ ಹೌದು, ಏಕೆಂದರೆ ಸಭಾಪಾಲಕನೊಬ್ಬನು ಅನ್ಯಮಾರ್ಗದ ಸತ್ಯದ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳುವ ವಿನಯವೇ ಅಂತರಂಗದ ಪರಿವರ್ತನೆಗೆ ಪ್ರಬಲವಾದ ಪ್ರಮಾಣ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯನ್ನು ಬರೆದ ಲೇಖನಿಯೇ ಶರಣರ ಅನುಭವಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿತು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಅವರು 1962ರಲ್ಲಿ ದೈವಾಧೀನರಾದರು. ಕ್ರಿಸ್ತನಲ್ಲಿ ಅವರಿಟ್ಟ ನಿಷ್ಠೆಯು ಶರಣರ ಸಹವಾಸದಿಂದ ಕುಂದಲಿಲ್ಲ, ಆಳವಾಯಿತು.

ಅಂತರಂಗದ ಶುದ್ಧಿಯು ನಡತೆಯಲ್ಲಿ ಕಾಣಬೇಕೆಂಬ ಹಟವು ಈ ಸೀಮೆಯಲ್ಲಿ ಒಂದು ಮತಕ್ಕೆ ಮಾತ್ರ ಸೀಮಿತವಾದುದಲ್ಲ. ಚಿತ್ತರಗಿ–ಇಳಕಲ್ಲ ಮಠದ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಳುಕಡಿಗಳಿಗೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಪಶ್ಚಾತ್ತಾಪವೆಂದರೇನೆಂದು ಕಲಿಸಬೇಕಾದ ಕ್ರೈಸ್ತ ಉಪದೇಶಕನು ಇದನ್ನು ತನ್ನ ಸಭೆಯಲ್ಲಿ ನಿಸ್ಸಂಕೋಚವಾಗಿ ಉದಾಹರಿಸಬಹುದು.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಬೋಧಕರು ಬಂಧನಕ್ಕೊಳಗಾದ ಮೇಲೆ ಸಭೆಗಳ ಭಾರವು ಹೆಚ್ಚುಹೆಚ್ಚಾಗಿ ಈ ನೆಲದವರ ಹೆಗಲಿಗೇ ಬಂದಿತು. 1968ರಲ್ಲಿ ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಈ ಅವಧಿಯ ಅಂತರಂಗಚರಿತ್ರೆಯನ್ನು ಬರೆಯಲು ಮಿಶನ್ನಿನ ವರದಿಗಳು ಸಾಲವು. ಉಪದೇಶಿಗಳ ಪ್ರಸಂಗದ ಟಿಪ್ಪಣಿ, ಮನೆಪ್ರಾರ್ಥನೆಯ ಪುಸ್ತಕದಂಚಿನಲ್ಲಿ ಬರೆದಿಟ್ಟ ಮಾತು, ಹಿರಿಯರು ಪರಸ್ಪರ ಬರೆದ ಕಾಗದ ಇವು ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಉಳಿದಿದ್ದರೆ, ಗೆದ್ದಲಿಗೆ ಆಹುತಿಯಾಗುವ ಮುನ್ನ ಅವುಗಳ ಪ್ರತಿಯನ್ನು ಮಾಡಿಸಿ ಸಮೀಪದ ಸಭೆಗಾಗಲಿ ವಿಶ್ವವಿದ್ಯಾಲಯಕ್ಕಾಗಲಿ ಒಪ್ಪಿಸಬೇಕೆಂದು ಗುಳೇದಗುಡ್ಡ, ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ವಾಚಕರನ್ನು ಪ್ರಾರ್ಥಿಸುತ್ತೇನೆ.