ಪಾಯಕ್ಕೂ ಮಾಡಿಗೂ ನಡುವೆ

ಶಿಕಾರಿಪುರ ಮತ್ತು ಸೊರಬ ಒಂದಕ್ಕೊಂದು ತಾಗಿಕೊಂಡಿರುವ ತಾಲ್ಲೂಕುಗಳು. ಒಂದರಲ್ಲಿ ಕುಮುದ್ವತಿ, ಇನ್ನೊಂದರಲ್ಲಿ ದಂಡಾವತಿ. ಶಿರಾಳಕೊಪ್ಪದ ಸಂತೆಗೆ ಎರಡೂ ಕಡೆಯ ಜನ ಬರುತ್ತಾರೆ, ಎರಡೂ ಕಡೆಯ ಸಂಬಂಧಗಳು ಕುದುರುತ್ತವೆ. ಬಡವರ ಮನೆಯ ವಿಷಯದಲ್ಲಿ ಈ ನೆರೆಹೊರೆಗೆ ಒಂದು ವಿಶೇಷವಿದೆ. ಸೊರಬದ ಕುಬಟೂರಿನ ಎಸ್. ಬಂಗಾರಪ್ಪನವರು 1990ರ ಅಕ್ಟೋಬರ್‌ನಿಂದ 1992ರ ನವೆಂಬರ್‌ವರೆಗೆ ಮುಖ್ಯಮಂತ್ರಿಗಳಾಗಿದ್ದಾಗ ‘ಆಶ್ರಯ’ ಯೋಜನೆ ಬಂತು. ಶಿಕಾರಿಪುರದಿಂದ ಆರಿಸಿ ಬಂದ ಬಿ.ಎಸ್. ಯಡಿಯೂರಪ್ಪನವರ ಕಾಲದಲ್ಲಿ, 2010ರ ಸುಮಾರಿಗೆ, ‘ಬಸವ ವಸತಿ’ ಬಂತು. ರಾಜ್ಯದ ಎರಡು ದೊಡ್ಡ ವಸತಿ ಯೋಜನೆಗಳಿಗೂ ನಮ್ಮ ಕಡೆಯ ನಂಟು. ಹಾಗಿದ್ದೂ ಮನೆಗಾಗಿ ಕಾಯುವುದು ಎಂದರೇನೆಂದು ನಾನು ಕಲಿತದ್ದು ಇದೇ ಊರುಗಳಲ್ಲಿ.

ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಮೇಷ್ಟ್ರು ಅಂದಮೇಲೆ ಜನಗಣತಿಯ ಕೆಲಸ ತಪ್ಪಿದ್ದಲ್ಲ. 1991ರ ಜನಗಣತಿಗೆ ಮುಂಚೆ, 1990ರಲ್ಲಿ, ಮನೆಪಟ್ಟಿ ಮಾಡಲು ಕೇರಿ ಕೇರಿ ಸುತ್ತಿದೆ. ಗೋಡೆ ಯಾವುದರದ್ದು, ನೆಲ ಯಾವುದರದ್ದು, ಮಾಡು ಯಾವುದರದ್ದು ಎಂದು ಬರೆದುಕೊಳ್ಳಬೇಕಿತ್ತು. ಕೂಲಿಕಾರರ ಕೇರಿಯಲ್ಲಿ ಕೇಳುವ ಅಗತ್ಯವೇ ಇರಲಿಲ್ಲ. ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ, ಹುಲ್ಲಿನದೋ ಅಡಿಕೆ ಸೋಗೆಯದೋ ಮಾಡು. ಹತ್ತು ವರ್ಷದ ಮೇಲೆ ಅದೇ ಕೆಲಸಕ್ಕೆ ಅದೇ ಕೇರಿಗೆ ಹೋದೆ. ಕೆಲವು ಕಡೆ ಹೆಂಚು ಬಂದಿತ್ತು. ಕೆಲವು ಕಡೆ ಗುಡಿಸಲು ಹಾಗೇ ಇತ್ತು, ಅದರ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಪಾಯ ಎದ್ದಿತ್ತು. ಆ ಪಾಯವನ್ನು ಬರೆದುಕೊಳ್ಳಲು ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ.

ಆ ಪಾಯ ಅಲ್ಲಿಯವರೆಗೆ ಬಂದದ್ದೂ ಸಣ್ಣ ಸಂಗತಿಯಲ್ಲ. ನಮ್ಮ ಸೀಮೆಯಲ್ಲಿ ಕೂಲಿಯವನ ಗುಡಿಸಲು ಬಹುಕಾಲ ಧಣಿಯ ನೆಲದಲ್ಲಿತ್ತು. ಧಣಿಗೆ ಸಿಟ್ಟು ಬಂದರೆ ಕೆಲಸವೂ ಹೋಯಿತು, ಸೂರೂ ಹೋಯಿತು. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತಾಗ ಮೇಲ್ನೋಟಕ್ಕೆ ಜಗಳ ಗೇಣಿ ಅಳೆಯುವ ಕೊಳಗದ ಗಾತ್ರದ್ದು. ಒಳಗಿನದು ನೆಲ ಯಾರದ್ದೆಂಬ ಪ್ರಶ್ನೆ. ಆ ಪ್ರಶ್ನೆಗೆ ಉತ್ತರವಾಗಿ ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಎಲ್ಲರಿಗೂ ನೆನಪಿದೆ. ಆದರೆ ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡ ಕೃಷಿ ಕೂಲಿಕಾರನಿಗೆ ಆ ವಾಸದ ಜಾಗದ ಮೇಲೆ ಹಕ್ಕು ಕೊಡುವ ವಿಧಿಯೂ ಆ ಕಾನೂನಿನಲ್ಲಿದೆ ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅದೇ ದಶಕದಲ್ಲಿ ಜನತಾ ಮನೆಗಳು ಬಂದವು. 1985ರಲ್ಲಿ ಕೇಂದ್ರದ ಇಂದಿರಾ ಆವಾಸ್ ಬಂತು. ಆಮೇಲೆ ಆಶ್ರಯ.

ಆಶ್ರಯದ ಕಾಲದಲ್ಲಿ ಹಳ್ಳಿಯ ಬಾಯಿಗೆ ಬಂದ ದೊಡ್ಡ ಶಬ್ದ ‘ಹಕ್ಕುಪತ್ರ’. ಅದು ಬಹುಮಟ್ಟಿಗೆ ಮನೆಯ ಹೆಂಗಸಿನ ಹೆಸರಿನಲ್ಲಿ ಬರುತ್ತಿತ್ತು. ಅದುವರೆಗೆ ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ತಮ್ಮ ಹೆಸರು ಕಾಣದ ತಾಯಂದಿರು ಅದನ್ನು ನನ್ನ ಹತ್ತಿರ ತಂದು ಓದಿಸಿಕೊಳ್ಳುತ್ತಿದ್ದರು. ಹೆಸರು ಓದಿದ ಮೇಲೆ ‘ಇನ್ನೊಂದ್ಸಲ ಓದ್ರಿ ಮೇಷ್ಟ್ರೆ’ ಎನ್ನುತ್ತಿದ್ದರು.

ಬಳ್ಳಿಗಾವಿ ನಮ್ಮ ಶಿಕಾರಿಪುರ ತಾಲ್ಲೂಕಿನದೇ. ಅಲ್ಲಿನ ಕೇದಾರೇಶ್ವರ ದೇಗುಲಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅಲ್ಲಿ ಅನ್ನ, ರೋಗಿಗಳಿಗೆ ಔಷಧ. ಎಂಟುನೂರು ವರ್ಷಗಳ ಹಿಂದೆ ಇಂಥ ಮನಸ್ಸು ಇತ್ತೆನ್ನುವುದು ಹೆಮ್ಮೆಯ ಮಾತು. ಆದರೆ ಮಠದ ಬಾಗಿಲಿಗೆ ಬಂದವನು ಕೈಯೊಡ್ಡಿ ಬರುತ್ತಿದ್ದ, ಕೊಡುವವರು ಧರ್ಮವೆಂದು ಕೊಡುತ್ತಿದ್ದರು. ಹಕ್ಕುಪತ್ರ ಹಿಡಿದ ಹೆಂಗಸು ಕೈಯೊಡ್ಡಬೇಕಾಗಿಲ್ಲ. ಕೊಡುವುದು ಧರ್ಮವಾಗಿದ್ದ ಕಾಲದಿಂದ ಪಡೆಯುವುದು ಹಕ್ಕಾದ ಕಾಲಕ್ಕೆ ನಾವು ಬಂದೆವು. ತಡ ಎನ್ನುವುದು ಕೆಡಿಸಿದ್ದು ಇದನ್ನೇ. ಹಕ್ಕಿನ ಕಾಗದ ಕೈಯಲ್ಲಿದ್ದರೂ ಹಣಕ್ಕಾಗಿ ಆಕೆ ಮತ್ತೆ ಬಾಗಿಲಿಂದ ಬಾಗಿಲಿಗೆ ಹೋಗಬೇಕಾಯಿತು. ಒಂದೆರಡು ವರ್ಷ ಹಾಗೆ ತಿರುಗಿದವಳಿಗೆ ಕೊನೆಗೆ ಬಂದ ಮನೆ ಯಾರೋ ದೊಡ್ಡವರು ಮಾಡಿದ ಉಪಕಾರದಂತೆಯೇ ಕಾಣುತ್ತಿತ್ತು.

ತಡ ಯಾಕೆ ಆಗುತ್ತದೆ ಎಂದರೆ ಎಲ್ಲರೂ ಲಂಚದ ಮಾತೆತ್ತುತ್ತಾರೆ. ಅದಲ್ಲದ ಕಾರಣಗಳನ್ನೂ ನಾನು ಕಂಡಿದ್ದೇನೆ. ಮೊದಲನೆಯದು ಸರ್ಕಾರದ ವರ್ಷಕ್ಕೂ ನಮ್ಮ ಮಳೆಗೂ ಇರುವ ವೈರ. ಸರ್ಕಾರದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಮಂಜೂರಾತಿಯ ಸುದ್ದಿ ಹಳ್ಳಿಗೆ ಬರುವ ಹೊತ್ತಿಗೆ ಯುಗಾದಿ ಕಳೆದಿರುತ್ತದೆ. ಪಾಯ ತೆಗೆದು ಕಲ್ಲು ಕಟ್ಟುವಷ್ಟರಲ್ಲಿ ರೋಹಿಣಿ ಮಳೆ; ಮೃಗಶಿರಾ ಹಿಡಿಯಿತೆಂದರೆ ಕೆಲಸ ನಿಂತಿತು. ಸೊರಬದ ಕಡೆಯ ಮಳೆಯಲ್ಲಿ ಹಸಿ ಗೋಡೆ ನಿಲ್ಲುವುದಿಲ್ಲ. ಆಮೇಲೆ ನಾಟಿ, ಕಳೆ, ಭೂಮಿ ಹುಣ್ಣಿಮೆ, ದೊಡ್ಡಹಬ್ಬ, ಅದರ ಬೆನ್ನಿಗೇ ಗದ್ದೆ ಕೊಯ್ಲು. ಮತ್ತೆ ಮನೆಗೆ ಕೈಹಚ್ಚುವಾಗ ಸಂಕ್ರಾಂತಿ. ಅಂದರೆ ಒಂದು ಪಾಯಕ್ಕೆ ಒಂದು ವರ್ಷ.

ಎರಡನೆಯದು ಕಂತಿನ ಲೆಕ್ಕ. ಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂದು ಹಂತಗಳು. ಒಂದು ಹಂತ ಮುಗಿದ ಮೇಲೆ ಅದರ ಹಣ. ದುರುಪಯೋಗ ತಪ್ಪಿಸಲು ಇದು ಸರಿಯಾದ ಕ್ರಮವೇ. ಆದರೆ ಕೈಯಲ್ಲಿ ಕಾಸಿಲ್ಲದವನಿಗೆ ಮನೆ ಎಂದ ಮೇಲೆ ಮೊದಲ ಹಂತವನ್ನು ಅವನು ಯಾವ ಕಾಸಿನಿಂದ ಮುಗಿಸಬೇಕು? 2000ರಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಮುಂದೆ ಜಿಪಿಎಸ್ ಹಚ್ಚಿದ ಫೋಟೋ ಬಂತು, ಹಣ ನೇರ ಬ್ಯಾಂಕ್ ಖಾತೆಗೆ ಬರತೊಡಗಿತು. ನಡುವಿನ ಎಷ್ಟೋ ಕೈಗಳು ತಪ್ಪಿದವು. ಮೊದಲು ಕಟ್ಟು, ಆಮೇಲೆ ತಗೋ ಎಂಬುದು ಮಾತ್ರ ಉಳಿಯಿತು.

ಮೂರನೆಯದು ನೆಲ. ಸೊರಬ ತಾಲ್ಲೂಕು ಕಾನುಗಳಿಗೆ ಹೆಸರಾದದ್ದು. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿ ಬರೆದಿದ್ದರು. ಕಾನಿನ ಅಂಚಿನಲ್ಲಿ ಮೂರು ತಲೆಮಾರು ಬದುಕಿದವರ ಜಾಗ ಕಾಗದದಲ್ಲಿ ಕಾನೆಂದೋ ಗೋಮಾಳವೆಂದೋ ಇರುತ್ತದೆ. ಅರಣ್ಯವಾದರೆ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಅಡ್ಡ. 2006ರ ಅರಣ್ಯ ಹಕ್ಕು ಕಾಯಿದೆ ಬಂದಾಗ ಆಸೆ ಚಿಗುರಿತು. ಆದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ರುಜುವಾತು ಮಾಡಬೇಕೆಂದಿತು. ಓದು ಬಾರದ ಅಜ್ಜ 75 ವರ್ಷದ ಹಿಂದಿನ ಯಾವ ಕಾಗದ ಇಟ್ಟುಕೊಂಡಿರುತ್ತಾನೆ? ಕಾನು ಉಳಿಯಲೇಬೇಕು, ಅದಿಲ್ಲದೆ ನಮ್ಮ ಹಳ್ಳಗಳಿಲ್ಲ. ಆದರೆ ಸ್ವಂತ ನಿವೇಶನದ ಕಾಗದವಿಲ್ಲದವನಿಗೆ ಮನೆಯ ಮಂಜೂರಾತಿಯೂ ಇಲ್ಲ.

ಜನ ಇದನ್ನೆಲ್ಲ ಹೇಗೆ ನಿಭಾಯಿಸಿದರು ಎಂಬುದನ್ನು ಯಾವ ಗೆಜೆಟಿಯರೂ ಬರೆದಿಟ್ಟಿಲ್ಲ. ಕಣ್ಣಾರೆ ಕಂಡದ್ದನ್ನು ಇಲ್ಲಿ ಹೇಳುತ್ತೇನೆ. ಬೇಸಿಗೆಯ ಕೊನೆಗೆ ಪ್ರತಿ ಮನೆಯಲ್ಲೂ ಒಂದೇ ಚರ್ಚೆ: ಈ ವರ್ಷ ಗುಡಿಸಲಿಗೆ ಹೊಸ ಹೊದಿಕೆ ಹಾಕುವುದೋ ಬೇಡವೋ? ಹಾಕಿದರೆ ಹೊಸ ಮನೆಗೆಂದು ಕೂಡಿಟ್ಟದ್ದು ಕರಗುತ್ತದೆ. ಹಾಕದಿದ್ದರೆ ಆಷಾಢದಲ್ಲಿ ಮಕ್ಕಳು ನೆನೆಯುತ್ತವೆ. ಬಹಳ ಜನ ಮಧ್ಯದ ದಾರಿ ಹಿಡಿಯುತ್ತಿದ್ದರು. ಒಲೆಯಿರುವ ಕಡೆ, ಮಲಗುವ ಕಡೆ ಮಾತ್ರ ಹೊಸ ಸೋಗೆ, ಉಳಿದದ್ದಕ್ಕೆ ಹಳೆಯದೇ. ಅರ್ಧ ಎದ್ದ ಗೋಡೆಯ ತಲೆಗೂ ಸೋಗೆ ಹೊದಿಸಿ ಮೇಲೆ ಕಲ್ಲು ಹೇರುತ್ತಿದ್ದರು. ಕಲ್ಲು ಹೊರಲು, ಮಣ್ಣು ಕಲಸಲು ಮುಯ್ಯಾಳು. ಇವತ್ತು ನಿಮ್ಮ ಪಾಯಕ್ಕೆ ನಾವು, ನಾಳೆ ನಮ್ಮ ಗೋಡೆಗೆ ನೀವು. ಸ್ತ್ರೀಶಕ್ತಿ ಸಂಘಗಳು ಬಂದ ಮೇಲೆ ಮೊದಲ ಕಂತಿನ ಹಣ ಹುಟ್ಟುತ್ತಿದ್ದುದು ಅಲ್ಲಿಂದಲೇ. ಸರ್ಕಾರದ ಹಣ ಬಂದಾಗ ಸಂಘದ ಸಾಲ, ಬಡ್ಡಿ ಸಮೇತ, ತೀರುತ್ತಿತ್ತು. ಪಾಯವೂ ಸುಮ್ಮನೆ ಬಿದ್ದಿರುತ್ತಿರಲಿಲ್ಲ. ಅದರ ಮೇಲೆ ಜೋಳ ಒಣಗುತ್ತಿತ್ತು, ಮಕ್ಕಳು ಪಾಠ ಓದುತ್ತಿದ್ದವು. ಕಾಗದಗಳು ಪ್ಲಾಸ್ಟಿಕ್ ಚೀಲದಲ್ಲಿ, ಚೀಲ ಗುಡಿಸಲಿನಲ್ಲಿ ಸೋರದ ಒಂದೇ ಮೂಲೆಯ ಗಳಕ್ಕೆ.

ಇಷ್ಟೆಲ್ಲ ಜಾಣತನಕ್ಕೂ ಬಗ್ಗದ್ದು ಒಂದಿತ್ತು, ಮನುಷ್ಯರ ವಯಸ್ಸು. ಅರ್ಜಿ ಹಾಕಿದಾಗ ಒಂದು ಒಲೆ, ಮನೆ ಎದ್ದಾಗ ಎರಡು ಒಲೆ. ಮಗನಿಗೆ ಮದುವೆಯಾಗಿರುತ್ತಿತ್ತು, ಪಡಿತರ ಚೀಟಿ ಬೇರೆಯಾಗಿರುತ್ತಿತ್ತು. ನಾಲ್ಕು ಜನಕ್ಕೆಂದು ಮಂಜೂರಾದ ಮನೆಗೆ ಏಳು ಜನ ಹೊಕ್ಕು, ಮಗನ ಹೆಸರಿನಲ್ಲಿ ಹೊಸ ಅರ್ಜಿ ಬರೆಯುವುದು ನನ್ನ ಪಾಲಿಗೆ ಬರುತ್ತಿತ್ತು. 2016ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಬಂದಾಗ, ಪಟ್ಟಿಗೆ ಆಧಾರವಾದದ್ದು 2011ರ ಸಾಮಾಜಿಕ ಆರ್ಥಿಕ ಸಮೀಕ್ಷೆ. ಆ ಐದು ವರ್ಷದಲ್ಲಿ ಬೇರೆಯಾದ ಸಂಸಾರಗಳನ್ನು ಸಮೀಕ್ಷೆ ಹೇಗೆ ತಾನೆ ಕಂಡೀತು?

ಹಾಗೆಂದು ಯೋಜನೆಗಳು ಸುಳ್ಳೆಂದು ನಾನು ಹೇಳುವುದಿಲ್ಲ. ನಾನು ಕೆಲಸ ಮಾಡಿದ ಊರುಗಳಲ್ಲಿ ಹುಲ್ಲಿನ ಮಾಡು ಈಗ ಅಪರೂಪ. ಜನತಾ ಕಾಲೊನಿ, ಆಶ್ರಯ ಬಡಾವಣೆ ಎಂಬ ಹೆಸರುಗಳು ಬಸ್ಸಿನ ನಿಲುಗಡೆಯ ಹೆಸರುಗಳಾಗಿವೆ. ಧಣಿಯ ಸಿಟ್ಟಿಗೆ ಸೂರು ಕಳೆದುಕೊಳ್ಳುವ ಭಯ ಆ ಬೀದಿಗಳಲ್ಲಿಲ್ಲ. ಇದನ್ನು ಗೆದ್ದುಕೊಳ್ಳಲು ಅರ್ಧ ಶತಮಾನ ಹಿಡಿಯಿತು.

2011ರ ಸಕಾಲ ಕಾಯಿದೆ ಬಂದ ಮೇಲೆ ಜಾತಿ, ಆದಾಯದ ಪ್ರಮಾಣಪತ್ರಗಳಿಗೆ ಇಷ್ಟು ದಿನವೆಂಬ ಗಡುವು ಬಂತು. ಅರ್ಜಿದಾರನು ಕಚೇರಿಯ ಮುಂದೆ ನಿಂತು ‘ನನ್ನ ದಿನ ಮುಗಿಯಿತು’ ಎನ್ನುವ ಧೈರ್ಯ ಪಡೆದ. ಮನೆಯ ಕಂತಿಗೂ ಅಂಥದೊಂದು ದಿನ ಬೇಕು. ಮೊದಲ ಕಂತು ಪಾಯಕ್ಕೆ ಮುಂಚೆ ಬರಲಿ, ಅದೂ ದೊಡ್ಡಹಬ್ಬದ ಹೊತ್ತಿಗೆ ಬರಲಿ. ಮೃಗಶಿರಾ ಮಳೆಗೆ ಮುಂಚೆ ಮಾಡು ಕೂತೀತು. ಯಾರ ಸರದಿ ಎಷ್ಟನೆಯದೆಂದು ಪಂಚಾಯ್ತಿಯ ಗೋಡೆಯ ಮೇಲೆ ಬರೆದಿರಲಿ. ಹಕ್ಕುಪತ್ರದಲ್ಲಿ ಹೆಸರಿದೆ, ಅಳತೆಯಿದೆ, ನಾಲ್ಕು ದಿಕ್ಕಿನ ಚಕ್ಕುಬಂದಿಯಿದೆ. ಒಂದು ತಾರೀಖನ್ನೂ ಬರೆದರೆ, ಓದಿ ಹೇಳು ಎಂದು ಬರುವ ತಾಯಿಗೆ ಮೇಷ್ಟ್ರು ಅದನ್ನೂ ಓದಿ ಹೇಳಬಹುದು.