ಮಗ್ಗದ ಮನೆ ಮ್ಯೂಸಿಯಂ ಸೇರಿದ ಮೇಲೆ: ವೆಳ್ಳಕೋಯಿಲ್ ಸೀಮೆಯ ನೇಯ್ಗೆ ಮತ್ತು ಮುಟ್ಟುಕಾಡಿನ ದಕ್ಷಿಣಚಿತ್ರ

ವೆಳ್ಳಕೋಯಿಲ್: ಕಾಂಗೇಯಂ ಮತ್ತು ಕರೂರಿನ ನಡುವೆ ಹೆದ್ದಾರಿಯ ಮೇಲಿರುವ ಈ ಊರಿನಲ್ಲಿ ಮಗ್ಗ ಎಂದರೆ ಇವತ್ತಿನ ಹುಡುಗರಿಗೆ ಪವರ್‌ಲೂಮ್. ಕರೆಂಟು ಇದ್ದಷ್ಟು ಹೊತ್ತೂ ಕಟಕಟ ಸದ್ದು, ಕರೆಂಟು ಹೋದರೆ ಊರೇ ನಿಂತಂತೆ. ಈರೋಡ್ ಜಿಲ್ಲೆಯಲ್ಲಿದ್ದ ಊರು 2009ರಲ್ಲಿ ತಿರುಪ್ಪೂರು ಜಿಲ್ಲೆ ಆದಾಗ ಅದಕ್ಕೆ ಸೇರಿತು. ಜಿಲ್ಲೆ ಬದಲಾಯಿತು, ಕಸುಬು ಬದಲಾಗಲಿಲ್ಲ. ಆದರೆ ಕೈಯಿಂದ ಲಾಳಿ ಎಸೆದು, ಕಾಲಿನಿಂದ ಹಲಗೆ ತುಳಿದು ನೇಯುವುದನ್ನು ಮಕ್ಕಳಿಗೆ ತೋರಿಸಬೇಕೆಂದರೆ ಎಲ್ಲಿಗೆ ಕರೆದುಕೊಂಡು ಹೋಗಬೇಕು? ಚೆನ್ನಿಮಲೈಗೋ ಭವಾನಿಗೋ ಹೋಗಬಹುದು. ಇನ್ನೂ ದೂರ ಹೋಗಲು ಸಿದ್ಧರಿದ್ದರೆ ಚೆನ್ನೈ ಹೊರವಲಯದ ಮುಟ್ಟುಕಾಡಿಗೆ. ಅಲ್ಲಿ ಒಂದು ಕನ್ನಡದ ಮಗ್ಗದ ಮನೆಯೇ ಇದೆ!

ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಸಮುದ್ರದ ಬದಿಗಿರುವ ದಕ್ಷಿಣಚಿತ್ರ ಮ್ಯೂಸಿಯಂ ಸಾರ್ವಜನಿಕರಿಗೆ ತೆರೆದದ್ದು 1996ರ ಡಿಸೆಂಬರ್‌ನಲ್ಲಿ. ಇದನ್ನು ನಡೆಸುವುದು 1984ರಲ್ಲಿ ಡೆಬೊರಾ ತ್ಯಾಗರಾಜನ್ ಅವರು ಹುಟ್ಟುಹಾಕಿದ ಮದ್ರಾಸ್ ಕ್ರಾಫ್ಟ್ ಫೌಂಡೇಶನ್. ಮೂಲ ವಿನ್ಯಾಸಕ್ಕೆ ಕೈಹಾಕಿದವರು ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್. ಸುಮಾರು ಹತ್ತು ಎಕರೆ ಜಾಗದಲ್ಲಿ ತಮಿಳುನಾಡು, ಕೇರಳ, ಕರ್ನಾಟಕ, ಆಂಧ್ರ-ತೆಲಂಗಾಣದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1891ರಲ್ಲಿ ಆರಂಭವಾದ ಸ್ಕಾನ್ಸೆನ್ ಇಂಥ ಬಯಲು ಮ್ಯೂಸಿಯಂಗಳಿಗೆಲ್ಲ ಹಿರಿಯಣ್ಣ. ಗಾಜಿನ ಪೆಟ್ಟಿಗೆಯಲ್ಲಿ ಲಾಳಿ ಇಟ್ಟು ಚೀಟಿ ಅಂಟಿಸುವ ಬದಲು, ಮನೆಯನ್ನೇ ಇಟ್ಟು ಅದರಲ್ಲಿ ಕಸುಬುದಾರನನ್ನು ಕೂರಿಸುವುದು ಇವುಗಳ ಪದ್ಧತಿ.

ತಮಿಳುನಾಡು ವಿಭಾಗದಲ್ಲಿ ಕಾಂಚೀಪುರದ ರೇಷ್ಮೆ ನೇಕಾರರ ಮನೆ, ಆಂಧ್ರ-ತೆಲಂಗಾಣ ವಿಭಾಗದಲ್ಲಿ ಇಕತ್ ನೇಕಾರರ ಮನೆ, ಕರ್ನಾಟಕ ವಿಭಾಗದಲ್ಲಿ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರ ಮನೆ ಇವೆ. ಅಂದರೆ ನಾಲ್ಕು ಭಾಷೆಯ ಮ್ಯೂಸಿಯಂನಲ್ಲಿ ಮೂರು ಭಾಷೆಯವರು ಮಗ್ಗದ ಮನೆಯನ್ನೇ ಮುಂದಿಟ್ಟಿದ್ದಾರೆ. ಕೊಂಗುನಾಡಿನ ಓದುಗರಿಗೆ ಇದು ಆಶ್ಚರ್ಯವೇನಲ್ಲ.

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು

ಕೊಯಮತ್ತೂರು, ತಿರುಪ್ಪೂರು, ಈರೋಡ್ ಕಡೆಯ ನೇಕಾರರಲ್ಲಿ ದೇವಾಂಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇವರಲ್ಲಿ ಬಹಳ ಮಂದಿಯ ಮನೆಮಾತು ಕನ್ನಡ, ಉಳಿದವರದು ತೆಲುಗು. ಓದು ಬರಹ ತಮಿಳಿನಲ್ಲಿ. ದೇವತೆಗಳಿಗೆ ಬಟ್ಟೆ ನೇಯ್ದುಕೊಟ್ಟ ದೇವಲ ಮಹರ್ಷಿ ಕುಲದ ಮೂಲಪುರುಷ ಎಂಬುದು ಅವರ ನಂಬಿಕೆ, ಚೌಡೇಶ್ವರಿ ಕುಲದೇವತೆ. ದಸರೆ ಹೊತ್ತಿನಲ್ಲಿ ಕೊಯಮತ್ತೂರಿನ ಬೀದಿಗಳಲ್ಲಿ ಕತ್ತಿ ಹಿಡಿದು ಎದೆಗೆ ಬಡಿದುಕೊಳ್ಳುತ್ತ ಅಮ್ಮನನ್ನು ಕರೆತರುವ ಅಲಗು ಸೇವೆಯನ್ನು ನೋಡದವರು ಕಡಿಮೆ. ಕೋವೈ ಕೋರಾ ಕಾಟನ್ ಸೀರೆಗೆ ಸಿಕ್ಕಿರುವ ಭೌಗೋಳಿಕ ಸೂಚಿ ಮಾನ್ಯತೆಯ ಹಿಂದೆ ಇವರ ಕೈಗಳೂ ಇವೆ.

ಎರಡು ಭಾಷೆ ಬಲ್ಲವರಿಗೆ ಮಗ್ಗದ ಭಾಗಗಳಿಗೆ ಎರಡೆರಡು ಹೆಸರು. ಕನ್ನಡದ ಹಾಸು ತಮಿಳಿನ ಪಾವು, ಹೊಕ್ಕು ಎಂಬುದು ಊಡೆ. ಕನ್ನಡದವರು ಲಾಳಿ ಎನ್ನುವುದನ್ನು ತಮಿಳರು ನಾಡಾ ಎನ್ನುತ್ತಾರೆ. ಎಳೆಗಳನ್ನು ಒತ್ತಿ ಕೂಡಿಸುವ ಹಣಿಗೆ ಇಲ್ಲಿ ಅಚ್ಚು. ಮಗ್ಗವೇ ತರಿ; ಗುಂಡಿ ಮಗ್ಗ ಕುಳಿತ್ತರಿ. ಹಿರಿಯರ ಬಾಯಲ್ಲಿ ಎರಡೂ ಬೆರೆತು ಬರುತ್ತವೆ. ಪವರ್‌ಲೂಮ್ ಶೆಡ್ಡಿನಲ್ಲಿ ಬೆಳೆದ ಮಕ್ಕಳ ಬಾಯಲ್ಲಿ ಎರಡೂ ಹೋಗಿ ಬೀಮ್, ರೀಡ್, ಪಿಕ್ ಎಂಬ ಮಾತುಗಳು ಬಂದು ಕೂತಿವೆ.

ಇಳಕಲ್ ಮನೆಯಲ್ಲಿ ಏನು ನೋಡಬೇಕು?

ಗುಂಡಿ ಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕೂತಿರುತ್ತಾನೆ, ಕಾಲು ಗುಂಡಿಯೊಳಗೆ. ನಿಂತು ನೋಡುವವರಿಗೆ ಕೈ ಮಾತ್ರ ಕಾಣುತ್ತದೆ. ಕೆಲಸದ ಅರ್ಧ ಕಾಲಿನಲ್ಲಿದೆ ಎಂಬುದನ್ನು ತಿಳಿಯಬೇಕಾದರೆ ಬಗ್ಗಿ ನೋಡಬೇಕು. ಒಂದು ಹಲಗೆ ತುಳಿದರೆ ಅರ್ಧ ಎಳೆಗಳು ಮೇಲೇಳುತ್ತವೆ, ನಡುವೆ ಬಾಯಿ ತೆರೆಯುತ್ತದೆ, ಲಾಳಿ ಓಡುತ್ತದೆ. ಆಮೇಲೆ ಹಣಿಗೆಯ ಪೆಟ್ಟು. ಇನ್ನೊಂದು ಹಲಗೆ ತುಳಿದರೆ ಮೇಲಿದ್ದವು ಕೆಳಗೆ. ಗುಂಡಿಗೆ ಇನ್ನೊಂದು ಕಾರಣವೂ ಉಂಟು. ನೆಲದ ತಂಪು ಹತ್ತಿ ಎಳೆಗೆ ಒಳ್ಳೆಯದು, ಒಣಗಿದ ಎಳೆ ಬೇಗ ಕಡಿಯುತ್ತದೆ.

ಇಳಕಲ್ ಸೀರೆಯ ಗುಟ್ಟು ಸೆರಗಿನಲ್ಲಿದೆ. ಒಡಲಿನ ಹಾಸು ಹತ್ತಿಯದು, ಸೆರಗಿನದು ರೇಷ್ಮೆ ಅಥವಾ ಕೃತಕ ರೇಷ್ಮೆ. ಎರಡು ಹಾಸುಗಳನ್ನೂ ಬೇರೆ ಬೇರೆ ಮಾಡಿ, ಮಗ್ಗಕ್ಕೆ ಏರಿಸುವಾಗ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ಹೀಗಾಗಿ ಒಂದು ಸೀರೆಗೆ ಒಂದೇ ಹಾಸು. ಮುಂದಿನ ಸೀರೆಗೆ ಮೊದಲಿನಿಂದ ಶುರು. ಪವರ್‌ಲೂಮಿನ ಬೀಮಿನಲ್ಲಿ ನೂರಾರು ಮೀಟರ್ ಒಟ್ಟಿಗೆ ಸುತ್ತುವವರಿಗೆ ಇದು ಹುಚ್ಚುತನ ಎನ್ನಿಸಬಹುದು. ಅಂಚು ಒಡಲಿನೊಂದಿಗೆ ಬೆರೆಯದಂತೆ ಬಣ್ಣ ನಿಲ್ಲಿಸಲು ಮೂರು ಲಾಳಿ ಬೇಕು. ಕಾಂಚೀಪುರದವರು ಅಂಚು ಕೂಡಿಸುವುದಕ್ಕೆ ಕೋರ್ವೈ, ಸೆರಗು ಕೂಡಿಸುವುದಕ್ಕೆ ಪೆಟ್ನಿ ಎನ್ನುತ್ತಾರೆ. ಇಳಕಲ್ ಸೆರಗಿನ ಕೆಂಪು-ಬಿಳಿ ಚಿತ್ತಾರಗಳಲ್ಲಿ ಜೋಳದ ತೆನೆಯ ಹೆಸರಿನದೊಂದು, ಕೋಟೆಯ ಗೋಡೆಯಂತೆ ಕಾಣುವುದೊಂದು, ಹಣಿಗೆಯ ಹೆಸರಿನದೊಂದು. ನೇಕಾರ ತನ್ನ ಹತ್ಯಾರವನ್ನೇ ಸೆರಗಿನ ಮೇಲೆ ತಂದಿದ್ದಾನೆ.

ತೋರಿಸಲಾಗದ್ದು

ಪ್ರಾತ್ಯಕ್ಷಿಕೆಯಲ್ಲಿ ಒಂದು ಕೊರತೆ ಇದ್ದೇ ಇರುತ್ತದೆ. ಪ್ರವಾಸಿ ಒಂದು ಮನೆಯಲ್ಲಿ ಐದು ಹತ್ತು ನಿಮಿಷ ನಿಲ್ಲುತ್ತಾನೆ. ಅಷ್ಟರಲ್ಲಿ ಕಾಣುವುದು ಲಾಳಿಯ ಓಟ ಮಾತ್ರ. ಮಗ್ಗಕ್ಕೆ ಮುಂಚಿನ ಕೆಲಸ ಕಾಣುವುದಿಲ್ಲ. ರಾಟೆಯಲ್ಲಿ ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಗಂಜಿ ಹಾಕುವುದು, ಕಡಿದ ಎಳೆ ಹುಡುಕಿ ಹೊಸೆಯುವುದು. ಇವುಗಳಲ್ಲಿ ಬಹುಪಾಲು ಮನೆಯ ಹೆಂಗಸರ, ಮುದುಕರ ಪಾಲಿನದು, ಲೆಕ್ಕದಲ್ಲಿ ಪ್ರತ್ಯೇಕ ಕೂಲಿ ಬರೆಯದೆ ಇದ್ದದ್ದು. ಕೊಂಗುನಾಡಿನ ನೇಕಾರ ಊರುಗಳಲ್ಲಿ ಪಾವಡಿ ಎಂಬ ಉದ್ದನೆಯ ಬಯಲು ಇರುತ್ತಿತ್ತು. ಬಿಸಿಲೇರುವ ಮೊದಲೇ ಅಲ್ಲಿ ಪಾವು ಚಾಚಿ, ಗಂಜಿ ಸವರಿ, ಕುಂಚದಿಂದ ಎಳೆ ಬಿಡಿಸುತ್ತ ಜನ ಹಿಂದೆ ಮುಂದೆ ನಡೆಯುತ್ತಿದ್ದರು. ಒಬ್ಬರಿಂದ ಆಗುವ ಕೆಲಸವಲ್ಲ, ಕೇರಿಯೇ ಬೇಕು. ಮ್ಯೂಸಿಯಂ ಮನೆಯನ್ನು ತರಬಹುದು. ಕೇರಿಯನ್ನು ತರುವುದು ಕಷ್ಟ.

ಹತ್ತಿರದಲ್ಲೇ ನೋಡಬಯಸುವವರಿಗೆ ಭವಾನಿ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ವಿಲಾಯಿತಿ ಬಟ್ಟೆಯ ಪೈಪೋಟಿ ತಾಳಲಾರದೆ ಅಲ್ಲಿನ ಜಂಗಮ ನೇಕಾರರು ದಪ್ಪ ಬಣ್ಣದ ನೂಲಿನಲ್ಲಿ ನೇಯಲು ಹಿಡಿದದ್ದೇ ಜಮಕ್ಕಾಳ. ಚೆನ್ನಿಮಲೈ ಹಾಸಿಗೆ ಹೊದಿಕೆಗೆ ಹೆಸರಾದ ಊರು. 1932ರ ಜನವರಿಯಲ್ಲಿ ತಿರುಪ್ಪೂರಿನಲ್ಲಿ ಬಾವುಟ ಬಿಡದೆ ಲಾಠಿ ಪೆಟ್ಟು ತಿಂದು ಪ್ರಾಣ ಬಿಟ್ಟ ಕುಮಾರನ್ 1904ರಲ್ಲಿ ಹುಟ್ಟಿದ್ದು ಅಲ್ಲೇ, ನೇಕಾರರ ಮನೆಯಲ್ಲಿ.

ಕೈಮಗ್ಗಕ್ಕೆ ಕಾನೂನಿನ ಆಸರೆ ಇಲ್ಲವೆಂದಲ್ಲ. 1985ರ ಕೇಂದ್ರ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಮೊದಲು 22 ಬಗೆಗಳಿದ್ದ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಉಳಿದಿರುವುದನ್ನೂ ಪವರ್‌ಲೂಮಿನಲ್ಲಿ ನೇಯ್ದು ಕೈಮಗ್ಗದ್ದೆಂದು ಮಾರುವ ದೂರು ನಿಂತಿಲ್ಲ. 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಬಂದದ್ದು ಇದಕ್ಕಾಗಿಯೇ. ದೇಶದ ಕೈಮಗ್ಗ ಗಣತಿಯಲ್ಲಿ 1995ರಲ್ಲಿ ಸುಮಾರು 65 ಲಕ್ಷವಿದ್ದ ನೇಕಾರರು ಮತ್ತು ಸಹಾಯಕರ ಸಂಖ್ಯೆ 2009-10ರಲ್ಲಿ 43.31 ಲಕ್ಷ, 2019-20ರಲ್ಲಿ 35.22 ಲಕ್ಷ.

ಹಾಗೆಂದು ಪವರ್‌ಲೂಮಿನವರು ಸುಖವಾಗಿದ್ದಾರೆಂದು ಯಾರೂ ತಿಳಿಯಬೇಕಿಲ್ಲ. ಈ ಭಾಗದಲ್ಲಿ ಹೆಚ್ಚಿನವರದು ಕೂಲಿ ಮಗ್ಗ: ಪಾವು, ನೂಲು ಕೊಡುವವರು ಬೇರೆ, ನೇಯ್ದುಕೊಡುವವರು ಬೇರೆ. ಮೀಟರಿಗೆ ಕೆಲವು ಪೈಸೆ ಏರಿಕೆಗಾಗಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮಗ್ಗಗಳು ಪದೇ ಪದೇ ನಿಂತಿವೆ, 2022ರ ಆರಂಭದಲ್ಲೂ ನಿಂತಿದ್ದವು. ಕೈಮಗ್ಗವನ್ನು ಗುಂಡಿಯಿಂದ ಎಬ್ಬಿಸಿದ ಯಂತ್ರವೇ ಈಗ ಗುಜರಿಗೆ ಹೋಗುವ ಭಯದಲ್ಲಿದೆ. ಮುಂದೊಂದು ದಿನ ವೆಳ್ಳಕೋಯಿಲ್‌ನ ಶೆಡ್ಡೊಂದು ಮ್ಯೂಸಿಯಂ ಸೇರಿದರೆ ಆಶ್ಚರ್ಯಪಡಬೇಕಿಲ್ಲ.

ದಕ್ಷಿಣಚಿತ್ರಕ್ಕೆ ಮಂಗಳವಾರ ರಜೆ. ಚೆನ್ನೈಯಿಂದ ಮಾಮಲ್ಲಪುರದ ಕಡೆ ಹೋಗುವ ಬಸ್ಸು ಹಿಡಿದು ಮುಟ್ಟುಕಾಡಿನಲ್ಲಿ ಇಳಿಯಬಹುದು. ಮನೆಯಲ್ಲಿ ಹಿಂದೆ ಮಗ್ಗ ನೇಯುತ್ತಿದ್ದ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕರೆದೊಯ್ಯುವುದು ಒಳ್ಳೆಯದು. ಅಲ್ಲಿ ಕಾಣದ ಅರ್ಧವನ್ನು ಅವರು ಹೇಳಬಲ್ಲರು.